ಅಂಕಮ್ಮನ ಹಸಿವಿಗೆ ಎರಡನೇ ಬಹುಮಾನ

ಬಿಳಿಗೆರೆಯ ಅಂಕಮ್ಮ ಹಸಿದುಕೊಂಡು ಕೂತಿದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡವರಿಲ್ಲ. ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ರಾತ್ರಿ ಮತ್ತೆ ಮುದ್ದೆ. ನಡುನಡುವೆ ಬಾಯಾಡಿಸಲು ಕೊಬ್ಬರಿ ಬೆಲ್ಲ. ಹಲ್ಲು ಒಂದೂ ಉಳಿದಿರಲಿಲ್ಲವಾದ್ದರಿಂದ ಕೊಬ್ಬರಿಯನ್ನು ಎಲೆ ಅಡಿಕೆ ಕುಟ್ಟುವ ಪುಟ್ಟ ಕಲ್ಲಿನಲ್ಲಿ ಕುಟ್ಟಿಕೊಂಡು ತಿನ್ನುತ್ತಿದ್ದಳು. ಹಲ್ಲಿಲ್ಲದ ಕೆನ್ನೆ ಒಳಕ್ಕೆ ಹೋಗಿತ್ತು. ಆಕೆಯ ಕೀರ್ತಿಗೆ ಆ ಕೆನ್ನೆಯೇ ಮೂಲ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ತುಮಕೂರಿನಲ್ಲಿ ನಡೆದ ಅಂತರ ಕಾಲೇಜು ಛಾಯಾಚಿತ್ರ ಸ್ಪರ್ಧೆಯಲ್ಲಿ ‘ಹಸಿವು’ ಎಂಬ ಹೆಸರಿನ ಆಕೆಯ ಚಿತ್ರಕ್ಕೆ ಎರಡನೇ ಬಹುಮಾನ ಬಂತು. ಮೊದಲನೆಯದು ತಪ್ಪಿದ್ದಕ್ಕೆ ಕಾರಣವಿತ್ತು. ಮೈಸೂರಿನ ಹುಡುಗನೊಬ್ಬ ಅಂಕಮ್ಮನಿಗಿಂತ ಹೆಚ್ಚು ಸುಕ್ಕಿದ್ದ ಮುದುಕಿಯನ್ನು ಹುಡುಕಿ ತಂದಿದ್ದ.

ಆಗ ನಾನು ತಿಪಟೂರಿನ ಕಾಲೇಜೊಂದರಲ್ಲಿ ಓದುತ್ತಿದ್ದೆ. ತೋಂಟದಾರ್ಯ ಎಂಬ ಇಂಗ್ಲಿಷ್ ಮೇಷ್ಟರು ಅಲ್ಲಿ ಛಾಯಾಚಿತ್ರ ಸಂಘ ಕಟ್ಟಿದ್ದರು. ಸಂಘದಲ್ಲಿ ಹದಿನಾಲ್ಕು ವಿದ್ಯಾರ್ಥಿಗಳಿದ್ದೆವು, ಕ್ಯಾಮೆರಾ ಒಂದಿತ್ತು. ಆ ಒಂದೂ ಪ್ರಾಜೆಕ್ಟಿನ ದಿನ ಬಿಟ್ಟರೆ ಮೇಷ್ಟರ ಕೊರಳಿನಿಂದ ಇಳಿಯುತ್ತಿರಲಿಲ್ಲ. ಹಾಗಾಗಿ ನಾವು ಹಳೆಯ ಲಗ್ನಪತ್ರಿಕೆಗಳ ನಡುವೆ ಚೌಕ ಕತ್ತರಿಸಿ, ಆ ಕಿಂಡಿಯಲ್ಲಿ ಲೋಕ ನೋಡುತ್ತ ಫೋಟೋಗ್ರಫಿ ಕಲಿತೆವು. ಚಿತ್ರವನ್ನು ಮೂರು ಭಾಗ ಮಾಡಿ ನೋಡಬೇಕು, ನೆರಳಿಲ್ಲದೆ ಬೆಳಕಿಲ್ಲ, ನಗು ಕಲೆಯ ಶತ್ರು. ಇವು ಮೇಷ್ಟರ ಮೂರು ಸೂತ್ರಗಳು. ಪ್ರತಿ ವರ್ಷ ಒಂದು ಪ್ರಾಜೆಕ್ಟು. ವಿಷಯವೂ ಪ್ರತಿ ವರ್ಷ ಒಂದೇ: ಗ್ರಾಮೀಣ ಬದುಕು. ನಾವೆಲ್ಲ ಹಳ್ಳಿಯಿಂದಲೇ ದಿನಾ ಬಸ್ಸಿನಲ್ಲಿ ಜೋತುಬಿದ್ದು ಬರುತ್ತಿದ್ದವರು. ಗ್ರಾಮೀಣ ಬದುಕು ಹೇಗಿರುತ್ತದೆ ಎಂದು ಮೇಷ್ಟರು ನಮಗೆ ವಿವರಿಸಿ ಹೇಳುತ್ತಿದ್ದರು.

ಅಂಕಮ್ಮನಿಗೆ ಒಂದು ಫೋಟೋ ಬೇಕಾಗಿತ್ತು. ಆಕೆಯ ಗಂಡ ದೊಡ್ಡಣ್ಣ ಒಂದೇ ಒಂದು ಪಟವನ್ನೂ ತೆಗೆಸಿಕೊಳ್ಳದೆ ಹೋಗಿಬಿಟ್ಟಿದ್ದ. ತಿಥಿಯ ದಿನ ಪಟ ಹಾಕಲೆಂದು ಗೋಡೆಗೆ ಮೊಳೆ ಹೊಡೆದವರಿಗೆ ಆಮೇಲೆ ಹೊಳೆಯಿತು, ಹಾಕಲು ಪಟವಿಲ್ಲ ಎಂದು. ಆ ಮೊಳೆಗೆ ವರ್ಷವರ್ಷ ಗೊಬ್ಬರದಂಗಡಿಯ ಕ್ಯಾಲೆಂಡರು ನೇತಾಡುತ್ತಿತ್ತು. ಕಿರಿಯ ಮೊಮ್ಮಗು ಅದರಲ್ಲಿದ್ದ ಎತ್ತನ್ನೇ ತಾತ ಎಂದು ನಂಬಿ ಕೈ ಮುಗಿಯುತ್ತಿತ್ತು. ತನಗೂ ಅದೇ ಗತಿ ಬರಬಾರದು, ಎರಡು ಕಿವಿಯೂ ಕಾಣುವ ಹಾಗೆ, ತವರಿನವರು ಕೊಟ್ಟ ಓಲೆ ಬುಗುಡಿಯ ಸಮೇತ ತನ್ನ ಮುಖ ಆ ಮನೆಯಲ್ಲಿ ಉಳಿಯಬೇಕು ಎಂಬುದು ಅಂಕಮ್ಮನ ಆಸೆ.

ತಿಪಟೂರಿನಲ್ಲಿ ಸ್ಟುಡಿಯೋಗಳಿಗೇನೂ ಕೊರತೆಯಿರಲಿಲ್ಲ. ಆದರೆ ನಮ್ಮ ಕಡೆ ಗೋಡೆಯ ಮೇಲೆ ವಯಸ್ಸಾದವರೊಬ್ಬರ ಪಟ ಒಂಟಿಯಾಗಿ ಕಂಡರೆ ಅವರು ಹೋದರು ಎಂದೇ ಲೆಕ್ಕ. ಮುದುಕರು ತಾವಾಗಿ ಹೋಗಿ ಕ್ಯಾಮೆರಾ ಮುಂದೆ ಕೂತರೆ ಯಮನಿಗೆ ವಿಳಾಸ ಬರೆದುಕೊಟ್ಟ ಹಾಗೆ. ಮಗ ನಂಜುಂಡಪ್ಪನನ್ನು ಕೇಳಿದಾಗ ಅವನು ಹೌಹಾರಿದ.

“ಸುಮ್ಕಿರವ್ವ. ಈ ವಯಸ್ನಾಗೆ ನಿನ್ನ ಸ್ಟುಡಿಯೋಗೆ ಕರ್ಕೊಂಡೋದ್ರೆ ಜನ ಏನಂತಾರೆ? ಮಗನೇ ಹಾರಕ್ಕೆ ಆರ್ಡರ್ ಕೊಟ್ಟು ಬಂದ ಅಂತಾರೆ.”

ಯಾರಾದರೂ ತಾವಾಗಿ ಮನೆಗೆ ಬಂದು ತೆಗೆದರೆ ಮಾತ್ರ ದೋಷವಿಲ್ಲ. ಅಂಥ ಹೊತ್ತಿನಲ್ಲಿ ತೋಂಟದಾರ್ಯ ಮೇಷ್ಟರು ನಮ್ಮನ್ನೆಲ್ಲ ಕರೆದುಕೊಂಡು ಗ್ರಾಮೀಣ ಬದುಕನ್ನು ಹುಡುಕುತ್ತ ಬಿಳಿಗೆರೆಗೆ ಬಂದರು. ಅಂಕಮ್ಮನಿಗೆ ದೇವರೇ ಬಸ್ಸಿಳಿದು ಬಂದ ಹಾಗಾಯಿತು. ಒಳಗೆ ಹೋಗಿ ಮೊಳಕಾಲ್ಮೂರು ಸೀರೆ ಉಟ್ಟು, ಓಲೆ ಬುಗುಡಿ ತಿಕ್ಕಿ ಹಾಕಿಕೊಂಡು ಜಗಲಿಗೆ ಬಂದಳು. ಮೇಷ್ಟರು ತಲೆಯ ಮೇಲೆ ಕೈ ಹೊತ್ತರು.

“ಅಯ್ಯೋ ಅಜ್ಜಿ, ಇದೇನಿದು! ಇದನ್ನೆಲ್ಲ ತೆಗೀರಿ. ಹಳೇ ಸೀರೆ ಯಾವುದಾದ್ರೂ ಇಲ್ವಾ?”

“ಐತೆ. ಸಗಣಿ ಬಾಚಾಕೆ ಉಟ್ಕತೀನಿ.”

“ಅದೇ ಬೇಕು. ಅದನ್ನೇ ಉಟ್ಕೊಂಡು ಬನ್ನಿ.”

“ಯಾಕಪ್ಪ, ಪೋಟದಾಗೆ ಸಗಣಿ ಬಾಚ್ಬೇಕಾ?”

ಓದಿದವರು ಹೇಳಿದ ಮೇಲೆ ಏನೋ ಇರಬೇಕು ಎಂದು ಆಕೆ ಹಳೇ ಸೀರೆ ಉಟ್ಟಳು. ಹೆಂಚಿನ ಮನೆಯ ಮುಂದಿನಿಂದ ಆಕೆಯನ್ನು ಎಬ್ಬಿಸಿ ಕೊಟ್ಟಿಗೆಯ ಮಣ್ಣುಗೋಡೆಯ ಹತ್ತಿರ ಕೂರಿಸಿದರು. ಬುಗುಡಿ ಬಿಚ್ಚಿಸಿದ್ದು ನನ್ನ ಸಹಪಾಠಿ ಮಾಯಣ್ಣ. ಬಿಚ್ಚಿಸಿದವನು ಅವನ್ನು ಜೇಬಿಗೆ ಹಾಕಿಕೊಂಡು, ಮೇಷ್ಟರ ಕೊರಳಿನಿಂದ ತನ್ನ ಸರದಿಗೆ ಇಳಿದುಬಂದ ಕ್ಯಾಮೆರಾ ಹಿಡಿದು ನಿಂತ. ಅಂಕಮ್ಮನ ಕಣ್ಣು ಅವನ ಜೇಬಿನ ಮೇಲೆಯೇ ಇತ್ತು. ಕೊನೆಗೆ ತಡೆಯಲಾರದೆ ಕೈ ಚಾಚಿ, “ಲೇ, ನನ್ನ ಬುಗುಡಿ ಕೊಡ್ಲಾ, ಎಲ್ಲಾರ ಬೀಳಿಸ್ಕಂಡೀಯೆ” ಅಂದಳು. ಕ್ಯಾಮೆರಾ ಕ್ಲಿಕ್ ಅಂದಿತು.

‘ಹಸಿವು’ ಚಿತ್ರದಲ್ಲಿ ಆಕೆ ಬೇಡುತ್ತಿರುವುದು ಅನ್ನವನ್ನಲ್ಲ, ಬುಗುಡಿಯನ್ನು. ಆ ಮಧ್ಯಾಹ್ನ ನಿಜವಾಗಿ ಹಸಿದಿದ್ದವರು ನಾವು. ಅಂಕಮ್ಮ ಎಲ್ಲರನ್ನೂ ನಡುಮನೆಯಲ್ಲಿ ಸಾಲಾಗಿ ಕೂರಿಸಿ ಒಬ್ಬಟ್ಟು, ಕಾಯಿಹಾಲು ಬಡಿಸಿದಳು. ಮೇಷ್ಟರು ಎರಡನೇ ಸಲ ಹಾಕಿಸಿಕೊಂಡು, ಗ್ರಾಮೀಣ ಬಡತನ ಮನಸ್ಸನ್ನು ಹಿಂಡುತ್ತದೆ ಎಂದರು.

ನಮ್ಮ ಕತ್ತಲ ಕೋಣೆ ರಸಾಯನಶಾಸ್ತ್ರದ ಉಗ್ರಾಣದಲ್ಲಿತ್ತು. ಕೆಂಪು ಕಾಗದ ಸುತ್ತಿದ ಬಲ್ಬಿನ ಕೆಳಗೆ ಮಾಯಣ್ಣನ ನೆಗೆಟಿವ್ ನೋಡಿದಾಗ ಅಂಕಮ್ಮನ ಹಿಂದೆ ಆಳೆತ್ತರದ ತೆಂಗಿನಕಾಯಿ ರಾಶಿ, ಎರಡು ಹಸು, ಹೆಂಚಿನ ಮನೆಯ ಅರ್ಧ ಭಾಗ ಕಂಡವು. ಮೇಷ್ಟರು ಕಪ್ಪು ಕಾಗದದ ಪಟ್ಟಿ ಹಿಡಿದು ಪಾಠ ಶುರುಮಾಡಿದರು.

“ಇಲ್ಲಿ ತೆಂಗಿನಕಾಯಿ ಬೇಕಾ?”

“ಬೇಡ ಸಾರ್.”

“ಹಸು?”

“ಬೇಡ ಸಾರ್.”

“ಇದೇ ಕಣ್ರಪ್ಪ ವಿನ್ಯಾಸ ಅಂದ್ರೆ. ಬೇಡದ್ದನ್ನ ಬಿಡೋದು.”

ಒಂದು ಕಾಗದದ ಪಟ್ಟಿ ಪಕ್ಕಕ್ಕೆ ಸರಿದಂತೆ ಅಂಕಮ್ಮನ ಮನೆ, ಹಸು, ಕಾಯಿರಾಶಿ ಎಲ್ಲ ಹೋದವು. ಭೂಸುಧಾರಣೆ ಕಾಯ್ದೆಯೂ ನಮ್ಮ ಕಡೆ ಯಾರ ಆಸ್ತಿಯನ್ನೂ ಅಷ್ಟು ಬೇಗ ತೆಗೆದಿರಲಿಲ್ಲ.

ಬಹುಮಾನ ಬಂದ ಮೇಲೆ ಅಂಕಮ್ಮ ನಾನು ಬೀದಿಯಲ್ಲಿ ಕಂಡಾಗಲೆಲ್ಲ ನಿಲ್ಲಿಸಿ ಕೇಳುತ್ತಿದ್ದಳು.

“ನನ್ನ ಪೋಟ ಎಲ್ಲಿ ಮಗ?”

“ತುಮಕೂರಿಗೆ ಹೋಗೈತೆ ಅಜ್ಜಿ.”

“ಅಲ್ಲೇನು ಕೆಲ್ಸ ಅದಕ್ಕೆ? ನನ್ನ ಬುಟ್ಟು ಅದೊಂದೇ ಊರೂರು ತಿರುಗ್ತೈತಲ್ಲ!”

ಮರುವರ್ಷ ಸಂಘಕ್ಕೆ ಪ್ರಚಾರಚಿತ್ರ ರಚನೆಯ ಪ್ರಾಜೆಕ್ಟು ಬಂತು. ಕಾಲೇಜಿನಲ್ಲೇ ನಡೆಯುವ ಪ್ರದರ್ಶನಕ್ಕೆ ಒಂದು ಪೋಸ್ಟರ್ ಮಾಡಬೇಕು. ಖಾಲಿ ಜಾಗವೂ ಮಾತಾಡಬೇಕು ಎಂದು ಮೇಷ್ಟರು ಹೇಳಿದ್ದರಿಂದ ಮಾಯಣ್ಣ ಹಾಳೆಯ ಮುಕ್ಕಾಲು ಪಾಲನ್ನು ಕಪ್ಪಾಗಿ ಬಿಟ್ಟು, ಮೂಲೆಯಲ್ಲಿ ಅಂಕಮ್ಮನ ಮುಖ, ಚಾಚಿದ ಕೈ, ಕೆಳಗೆ ಬಿಳಿ ಅಕ್ಷರದಲ್ಲಿ ‘ಹಸಿವು’ ಎಂದು ಇಟ್ಟ. ಬೆಂಗಳೂರಿನಲ್ಲಿ ಬ್ಲಾಕ್ ಮಾಡಿಸಿ ಅಚ್ಚು ಹಾಕಿಸಿದರು. ಬಸ್ ಸ್ಟಾಂಡಿನಲ್ಲೂ ಕೊಬ್ಬರಿ ಮಂಡಿಯ ಗೋಡೆಯ ಮೇಲೂ ಅಂಟಿಸಿದೆವು. ಊರು ದಿನಾ ಓಡಾಡುವ ಜಾಗ ಅವೆರಡೇ.

ಪ್ರದರ್ಶನದ ಹಿಂದಿನ ದಿನ ನಂಜುಂಡಪ್ಪ ಗಾಡಿ ತುಂಬ ಉಂಡೆ ಕೊಬ್ಬರಿ ಹೇರಿಕೊಂಡು ಮಂಡಿಗೆ ಬಂದ. ಅವನ ಸಾಹುಕಾರ ಚೀಲಕ್ಕೆ ಕೈ ಹಾಕುವ ಮೊದಲೇ ಗೋಡೆ ತೋರಿಸಿದ.

“ಏನ್ ನಂಜುಂಡಪ್ಪೋರೆ, ಗಾಡಿ ತುಂಬ ಮಾಲು ತಂದಿದೀರಿ, ಹಡೆದವ್ವನ್ನ ಮಾತ್ರ ಹಿಂಗ್ ನಿಲ್ಸಿದೀರಲ್ಲ? ಒಂದು ಮುದ್ದೆಗೂ ಗತಿ ಇಲ್ವಾ ನಿಮ್ಮನೇಲಿ?”

ಹಮಾಲರು ಗೊಳ್ಳೆಂದು ನಕ್ಕರು. ಕೊಬ್ಬರಿಗೆ ಆ ದಿನ ಒಳ್ಳೆಯ ಧಾರಣೆ ಸಿಕ್ಕಿತಂತೆ. ನಂಜುಂಡಪ್ಪನ ಕಿವಿಗೆ ಅದು ಬೀಳಲೇ ಇಲ್ಲ. ವಾಪಸು ಬರುವಾಗ ಬಸ್ ಸ್ಟಾಂಡಿನಲ್ಲೂ ಅದೇ ಮುಖ ಕಂಡಿತು. ಮನೆಗೆ ಬಂದವನು ಹೊಸಿಲು ದಾಟುವ ಮೊದಲೇ ಕೂಗಾಡಿದ್ದು ಪಕ್ಕದ ನಮ್ಮ ಮನೆಗೂ ಕೇಳಿಸಿತು.

“ಅವ್ವ, ನಿನ್ನ ಮುಖ ತಿಪಟೂರು ಬಸ್ ಸ್ಟಾಂಡ್ನಾಗೆ ತಿರುಪೆ ಎತ್ತಾ ಐತೆ!”

“ಪೋಟ ಬಂತಾ? ಹೆಂಗೈತೆ? ಎಲ್ಡು ಕಿವೀನೂ ಕಾಣ್ತವಾ?”

“ಮಾನ ಹೋಯ್ತು ಅಂತೀನಿ, ಕಿವಿ ಕೇಳ್ತೀಯಲ್ಲ!”

“ಬುಗುಡಿ?”

“ಬುಗುಡೀನೂ ಇಲ್ಲ, ಏನೂ ಇಲ್ಲ. ಹರಕಲು ಸೀರೆ, ಚಾಚಿದ ಕೈ.”

ಅಂಕಮ್ಮ, “ನಾನು ಸತ್ತೋದ್ ಮ್ಯಾಲೆ ನಿನ್ನ ಮಕ್ಕಳು ಆ ತಿರುಪೆಯವಳ್ನ ತೋರಿಸಿ ನಮ್ಮಜ್ಜಿ ಅನ್ಬೇಕೇನ್ಲಾ? ನಿಮ್ಮಪ್ಪನ್ದು ಮೊಳೆನಾದ್ರೂ ಉಳೀತು. ನಾಳೆ ನಾನೇ ಹೋಗ್ತೀನಿ ತಿಪಟೂರಿಗೆ” ಅಂದಳು.

ಮಾರನೇ ದಿನ ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ. ಯಾವುದೋ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಟೇಪು ಕತ್ತರಿಸಿದವರು ಸೀದಾ ‘ಹಸಿವು’ ಚಿತ್ರದ ಮುಂದೆ ಬಂದು ನಿಂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಪಕ್ಕದಲ್ಲಿ ಮೊಳಕಾಲ್ಮೂರು ಸೀರೆ ಉಟ್ಟು ಓಲೆ ಬುಗುಡಿ ಹಾಕಿದ್ದ ಮುದುಕಿಯೊಬ್ಬಳು ನಿಂತು ಅದೇ ಚಿತ್ರವನ್ನು ನೋಡುತ್ತಿದ್ದಳು. ಯಾರೋ ವಿದ್ಯಾರ್ಥಿಯ ಅಜ್ಜಿ ಇರಬೇಕೆಂದು ಮೇಷ್ಟರು ಆಕೆಗೆ ನಮಸ್ಕಾರವನ್ನೂ ಮಾಡಿದರು.

“ಈಕೆ ಈಗ ಬದುಕಿದ್ದಾಳೇನ್ರಿ?” ಅಧಿಕಾರಿಗಳು ಮೆತ್ತಗೆ ಕೇಳಿದರು.

ಮೇಷ್ಟರು ನಿಟ್ಟುಸಿರಿಟ್ಟರು. “ಹೇಳೋದು ಕಷ್ಟ ಸಾರ್. ನಾವು ನೋಡಿದಾಗಲೇ ಊಟ ಕಂಡು ಎಷ್ಟು ದಿನ ಆಗಿತ್ತೋ.”

“ಇದೀನಿ ಕಣಪ್ಪ” ಅಂದಳು ಅಂಕಮ್ಮ.

ಎಲ್ಲರೂ ತಿರುಗಿ ನೋಡಿದರು. ನನ್ನನ್ನು ಬಿಟ್ಟು ಯಾರಿಗೂ ಗುರುತು ಹತ್ತಲಿಲ್ಲ. ಆಕೆ ಗುಂಪಿನಲ್ಲಿ ಮಾಯಣ್ಣನನ್ನು ಕಂಡುಹಿಡಿದು ಅವನತ್ತ ಕೈ ಚಾಚಿ, “ಲೇ, ನನ್ನ ಪೋಟ ಕೊಡ್ಲಾ” ಅಂದಳು. ಆ ಕೈ ನೋಡಿ ಸಭಾಂಗಣಕ್ಕೆ ಸಭಾಂಗಣವೇ ಗೋಡೆಯ ಕಡೆ ನೋಡಿತು, ಮತ್ತೆ ಆಕೆಯ ಕಡೆ ನೋಡಿತು. ಗೋಡೆಯ ಮೇಲಿನ ಕೈಯೂ ಈ ಕೈಯೂ ಒಂದೇ.

ಅಧಿಕಾರಿಗಳು ತಡವರಿಸಿದರು. “ಅಜ್ಜಿ... ಊಟ ಆಯ್ತಾ?”

“ಆಗೈತೆ. ನಿಮ್ದು? ಆಗದಿದ್ರೆ ನಮ್ಮನೆಗೆ ಬನ್ನಿ. ಇವ್ರೆಲ್ಲ ಬಂದು ಒಬ್ಬಟ್ಟು ಉಂಡೋಗವ್ರೆ, ಬೇಕಾದ್ರೆ ಕೇಳಿ ನೋಡಿ.”

ಮೇಷ್ಟರ ಮುಖ ಫೋಟೋಗೆ ಹದವಾಗಿತ್ತು, ನಗುವಿನ ಲವಲೇಶವೂ ಇರಲಿಲ್ಲ. ಅಂಕಮ್ಮ ಅತಿಥಿಗಳಿಗೆಂದು ಹಾಕಿದ್ದ ದೊಡ್ಡ ಕುರ್ಚಿಯಲ್ಲಿ ಹೋಗಿ ಕೂತು ಸೆರಗು ಸರಿಮಾಡಿಕೊಂಡಳು.

“ಈಗ ತಗಿ. ಎಲ್ಡು ಕಿವೀನೂ ಬರ್ಬೇಕು.”

ಮೇಷ್ಟರು ಕೊನೆಯ ಪ್ರಯತ್ನ ಮಾಡಿದರು. “ಅಜ್ಜಿ, ಹೀಗೆ ನೆಟ್ಟಗೆ ಕೂತು ತೆಗೆಸಿಕೊಂಡ್ರೆ ಅದರಲ್ಲಿ ಕಲೆ ಇರಲ್ಲ.”

“ಕಲೆ ಅಲ್ಲೈತಲ್ಲಪ್ಪ, ಗೋಡೆ ಮ್ಯಾಲೆ. ಇದ್ರಾಗೆ ನಾನಿರ್ತೀನಿ.”

ಅಧಿಕಾರಿಗಳು ನಿಂತೇ ಇದ್ದರು. ಅವರು ನಿಂತಿರುವಾಗ ಇಲ್ಲವೆನ್ನಲು ಮೇಷ್ಟರಿಗೆ ಸಾಧ್ಯವಿರಲಿಲ್ಲ. ಕ್ಯಾಮೆರಾ ಕೊರಳಿನಿಂದ ಇಳಿಯಿತು. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುತ್ತಿತ್ತು, ಬಲಗಿವಿ ಬುಗುಡಿಯ ಸಮೇತ ಕತ್ತಲಲ್ಲಿತ್ತು. ಮಾಯಣ್ಣ ಒಂದು ಗಳಿಗೆ ಯೋಚಿಸಿ, ಪೋಸ್ಟರ್‌ಗೆ ತಂದು ಉಳಿದಿದ್ದ ಬಿಳಿ ಹಾಳೆಗಳನ್ನು ನನ್ನ ಕೈಗೂ ಇನ್ನೊಬ್ಬನ ಕೈಗೂ ಕೊಟ್ಟು ಬಲಗಡೆ ನಿಲ್ಲಿಸಿದ. ಹಾಳೆಗೆ ಬಿದ್ದ ಬೆಳಕು ತಿರುಗಿ ಆಕೆಯ ಕಿವಿಯ ಮೇಲೆ ಬಿತ್ತು. ಬುಗುಡಿ ಮಿಂಚಿತು. ಸಂಘದ ಪಾಠಗಳಲ್ಲಿ ಒಂದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

“ಸ್ವಲ್ಪ ನಗಜ್ಜಿ” ಅಂದ ಮಾಯಣ್ಣ, ಮೇಷ್ಟರ ಎದುರಿನಲ್ಲೇ.

“ಹಲ್ಲಿಲ್ಲ ಕಣ್ಲಾ. ಕಿವಿ ತಗಿ, ಸಾಕು.”

ಫೋಟೋ ಚೆನ್ನಾಗಿ ಬಂತು. ಮೇಲೆ ಫ್ಯಾನಿನ ರೆಕ್ಕೆ ಬಂದಿದೆ, ಪಕ್ಕದಲ್ಲಿ ಅಧಿಕಾರಿಗಳ ಮೊಣಕೈ ಬಂದಿದೆ, ಮೂರು ಭಾಗದ ಸೂತ್ರ ಪಾಲಿಸಿಲ್ಲ ಎಂದು ಮೇಷ್ಟರು ಮಾಯಣ್ಣನಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟರು. ಅಂಕಮ್ಮ ಅದಕ್ಕೆ ಕಟ್ಟು ಹಾಕಿಸಿ ಗಂಡನ ಕ್ಯಾಲೆಂಡರಿನ ಪಕ್ಕ ಹೊಸ ಮೊಳೆ ಹೊಡೆಸಿ ತೂಗುಹಾಕಿದಳು. ಮನೆಗೆ ಬಂದ ನೆಂಟರು ಆ ಪಟ ಕಂಡ ಕೂಡಲೇ ಮುಖ ಸಣ್ಣದು ಮಾಡಿಕೊಂಡು, “ಅಯ್ಯೋ, ಯಾವಾಗ ಹೋದ್ರು? ನಮಗೆ ತಿಳಿಸ್ಲೇ ಇಲ್ವಲ್ಲ” ಅನ್ನುತ್ತಿದ್ದರು. ಅಂಕಮ್ಮ ಅಡುಗೆಮನೆಯಿಂದ ಲೋಟ ಹಿಡಿದು ಬಂದು, “ಇನ್ನೂ ಹೊರಟಿಲ್ಲ ಕಣಮ್ಮ. ಮಜ್ಜಿಗೆ ಕುಡಿ” ಅನ್ನುವಳು. ಆ ಸುಖಕ್ಕಾಗಿಯೇ ಆಕೆ ಇನ್ನಷ್ಟು ವರ್ಷ ಬದುಕಿದಳು ಎಂದು ನನ್ನ ಅನುಮಾನ.

ಮಿಕ್ಕ ಪೋಸ್ಟರುಗಳ ಕಟ್ಟನ್ನು ಮಾಯಣ್ಣ ನಾಚಿಕೆಯಿಂದ ತಂದು ಆಕೆಯ ಮುಂದಿಟ್ಟ, ಒಲೆಗಾದರೂ ಹಾಕಿಕೊಳ್ಳಲಿ ಎಂದು. ಆಕೆ ಹಾಕಲಿಲ್ಲ. ಒಂದನ್ನು ಹಲಗೆಗೆ ಅಂಟಿಸಿ ತೆಂಗಿನ ತೋಟದ ಬಾಗಿಲಿಗೆ ಕಟ್ಟಿಸಿದಳು. ಆ ವರ್ಷ ಮರದ ತುಂಬ ಗೊನೆಯಿತ್ತು, ದಾರಿಹೋಕರ ಕಣ್ಣು ಬೀಳುತ್ತಿತ್ತು.

“ಈ ಮುಖ ನೋಡಿದ್ ಮ್ಯಾಲೆ ಯಾವನ್ಲಾ ನಮ್ಮ ತೋಟ ನೋಡಿ ಹೊಟ್ಟೆ ಉರ್ಕೊಳ್ಳೋನು?” ಅಂದಳು ಮಗನಿಗೆ. ನಂಜುಂಡಪ್ಪನಿಗೂ ಅದು ಸರಿ ಕಂಡಿತು. ಖಾಲಿ ಜಾಗ, ಕಪ್ಪು ಬಿಳುಪು, ಚಾಚಿದ ಕೈ ಎಲ್ಲವೂ ಅಲ್ಲಿ ಹೇಳಿ ಮಾಡಿಸಿದ ಹಾಗೆ ಹೊಂದಿದವು. ಆ ತೋಟಕ್ಕೆ ದೃಷ್ಟಿಯಾಗಲಿಲ್ಲ.

ಮುಂದಿನ ವರ್ಷ ಮೇಷ್ಟರು ಹೊಸ ಹುಡುಗರನ್ನು ಕರೆದುಕೊಂಡು ಗ್ರಾಮೀಣ ಬದುಕನ್ನು ಹುಡುಕಿಕೊಂಡು ಮತ್ತೆ ಬಂದರು. ಅಂಕಮ್ಮ ಜಗಲಿಯಿಂದ ಏಳಲಿಲ್ಲ.

“ಹಸಿವು ಬೇಕಾದ್ರೆ ತೋಟದ ಬಾಗಿಲ ತಾವ ನಿಂತವಳೆ, ಹೋಗಿ ಅವಳ್ನೇ ತಕ್ಕಳ್ಳಿ. ನಾನು ಉಂಡು ಮಲಗ್ಬೇಕು.”

ಅವರು ಹಾಗೆಯೇ ಮಾಡಿದರು. ಗೊನೆ ತುಂಬಿದ ಮರಗಳನ್ನೆಲ್ಲ ಚೌಕದ ಆಚೆ ಬಿಟ್ಟು, ಮಳೆಗೆ ಅರ್ಧ ಕಿತ್ತುಹೋದ ಪೋಸ್ಟರಿನ ಚಿತ್ರ ತೆಗೆದರು. ತುಮಕೂರಿನಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ನಾನು ಸುದ್ದಿ ಹೇಳಿದಾಗ ಅಂಕಮ್ಮ ಕೊಬ್ಬರಿ ಕುಟ್ಟುತ್ತಿದ್ದಳು. ಹೌದಾ ಅಂದಳು. ಅದರ ಪ್ರತಿ ಮಾತ್ರ ಕೇಳಲಿಲ್ಲ.