ಬಿಸಿಲಿಗೆಳೆದ ಬಿತ್ತನೆ ಬೀಜ

ಹೆಬ್ಬೂರಿನ ಹತ್ತಿರ ನನ್ನ ತಂಗಿಯ ಹೊಲವಿದೆ. ರಾಗಿ ಬಿಟ್ಟರೆ ಬೇರೇನೂ ಕಾಣದ ನೆಲ. ಹೋದ ಮುಂಗಾರಿನಲ್ಲಿ ಅವಳು ಅಲ್ಲಿ ಕಡಲೆಕಾಯಿ ಹಾಕಲು ಹೊರಟಳು. ಅರ್ಧಕ್ಕೆ ನಾನು ಕೊಟ್ಟ ಹಳೆಯ ತಳಿ, ಇನ್ನರ್ಧಕ್ಕೆ ಅವಳೇ ಹುಡುಕಿ ತಂದ ಹೊಸ ತಳಿ. ಯಾವುದು ಚೆನ್ನಾಗಿ ಬರುತ್ತದೋ ಅದನ್ನೇ ಮುಂದಿನ ವರ್ಷ ಅವಳ ಸಂಘದ ಹೆಂಗಸರೆಲ್ಲ ಬಿತ್ತುವುದೆಂದು ಮಾತಾಗಿತ್ತು. "ಹೊಸ್ದು ಈ ನೆಲಕ್ಕೆ ಆಗಲ್ಲ ಕಣವ್ವ" ಎಂದು ನಾನು ಮೊದಲೇ ಹೇಳಿದ್ದೆ.

ಹಿಂದೆಂದೂ ಕಡಲೆಕಾಯಿ ಬೆಳೆದಿರದ ನೆಲವಾದ್ದರಿಂದ ಬೀಜಕ್ಕೆ ಜೀವಾಣು ಪುಡಿ ಹಚ್ಚಬೇಕೆಂದು ಕೃಷಿ ಅಧಿಕಾರಿ ಹೇಳಿದ್ದರು. ಆ ಜೀವಾಣು ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತದಂತೆ. ತಂಗಿ ಬೆಲ್ಲದ ನೀರಿನಲ್ಲಿ ಪುಡಿ ಕಲಸಿ ಎರಡೂ ಬೀಜಕ್ಕೆ ಹಚ್ಚಿದಳು. ಹಳೆಯದನ್ನು ಕೋಣೆಯಲ್ಲಿ, ಹೊಸದನ್ನು ಜಗಲಿಯ ನೆರಳಿನಲ್ಲಿ ಹರವಿ, "ಅಣ್ಣ, ಕೋಳಿ ಬರ್ದಂಗೆ ನೋಡ್ಕೊ" ಎಂದು ಹೊಲಕ್ಕೆ ಹೋದಳು.

ಕೋಳಿ ಬರಲಿಲ್ಲ, ಜಗಲಿಯ ಬೀಜದ ಬೆಲ್ಲಕ್ಕೆ ಇರುವೆ ಬಂತು. ಇರುವೆ ಹತ್ತಿದ್ದನ್ನು ಬಿಸಿಲಿಗಿಡುವುದು ನಮ್ಮ ಮನೆಯ ರೂಢಿ. ಚಾಪೆ ಸಮೇತ ಅಂಗಳಕ್ಕೆ ಎಳೆದೆ. ಮಧ್ಯಾಹ್ನ ದಾಟಿ ಇರುವೆಯೆಲ್ಲ ಹೋದ ಮೇಲೆ ಮತ್ತೆ ಜಗಲಿಗೆ ತಂದೆ. ಹೇಳುವಂಥ ವಿಷಯವೆಂದು ಅನಿಸಲಿಲ್ಲ.

ಹೂ ಬಿಡುವ ಹೊತ್ತಿಗೆ ಹೊಸ ತಳಿ ಹಳದಿಗೆ ತಿರುಗಿತು. ಅಧಿಕಾರಿ ಬಂದು ಎರಡೂ ಕಡೆ ಗಿಡ ಕಿತ್ತು ತೋರಿಸಿದರು. ಹಳೆಯದರ ಬೇರಿನ ತುಂಬ ಗಂಟು. ಉಗುರಿನಲ್ಲಿ ಸೀಳಿದರೆ ಒಳಗೆ ಕೆಂಪು, ಜೀವಾಣು ಕೆಲಸ ಮಾಡುತ್ತಿರುವ ಗುರುತು. ಹೊಸದರಲ್ಲಿ ಎಲ್ಲೋ ಒಂದೆರಡು.

"ಬೀಜ ಬಿಸಿಲಲ್ಲಿ ಒಣಗಿಸಿದ್ರಾ? ಬಿಸಿಲಿಗೆ ಜೀವಾಣು ಸತ್ತೋಗ್ತವೆ."

"ಇಲ್ಲ ಸಾ, ನೆಳ್ಳಲ್ಲೇ. ನಮ್ಮಣ್ಣನೇ ಕಾವ್ಲಿದ್ದ" ಎಂದಳು ತಂಗಿ.

ನಾನು ಕೆಳಗೆ ನೋಡುತ್ತ ನಿಂತೆ. ಅಷ್ಟರಲ್ಲಿ ಅವಳ ಗಂಡ, "ಭಾವ ಅವತ್ತೇ ಹೇಳಿದ್ರು, ಕೇಳುದ್ಲಾ ಇವ್ಳು?" ಎಂದು ನಕ್ಕ. ಆ ಮಾತು ನನಗೆ ಹಿತವಾಗಿತ್ತು. ಬಾಯಿ ಬಿಡದಿದ್ದುದು ಅದಕ್ಕೇ. ಭಯ ಆಮೇಲೆ ಬಂದದ್ದು.

ಕಾಯಿ ಕಿತ್ತಾಗ ಹೊಸದು ಸೋತಿತ್ತು. ಸಂಘದವರು ನನ್ನ ತಳಿಯನ್ನೇ ಒಪ್ಪಿದರು. ಅಂದು ತಂಗಿ ಯಾರ ಮುಖವನ್ನೂ ನೋಡಲಿಲ್ಲ.

ಈ ಸಲ ಬಿತ್ತನೆಗೆ ಮೊದಲು ಹೋಗಿ ನಡೆದದ್ದನ್ನು ಹೇಳಿದೆ. ಹೊಸದನ್ನು ಇನ್ನೊಮ್ಮೆ ಹಾಕು, ನೆರಳಲ್ಲೇ ಕಾಯುತ್ತೇನೆ ಎಂದೆ. ಅವಳು ಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಬೀಜ ಎಲ್ಲೈತಣ್ಣ? ಕೆಲ್ಸಕ್ಕೆ ಬಾರದ್ದು ಅಂತ ಉರ್ದು ತಿಂದ್ವಲ್ಲ. ನೀನೂ ತಿಂದೆ. ರುಚಿಯಾಗೈತೆ ಅಂತ ಜೇಬ್ಗೂ ತುಂಬ್ಕೊಂಡೋದೆ." ಮೊರದಿಂದ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡು, "ಸಂಘದೋರೆಲ್ಲ ನಿನ್ ಬೀಜನೇ ಸುಲ್ಕೊಂಡು ಕೂತವ್ರೆ. ಈಗ ಏನಂತ ಹೇಳ್ಲಿ?" ಎಂದಳು.

"ನಾನೇ ಬಂದು ಹೇಳ್ತೀನಿ" ಎಂದೆ.

"ಹೇಳು. ಮೊದ್ಲು ನಮ್ಮನೆಯೋರ್ಗೆ ಹೇಳು" ಎಂದು ಮೊರವನ್ನು ನನ್ನತ್ತ ತಳ್ಳಿದಳು. ಅವನು ಹೊಲದಿಂದ ಬರುವವರೆಗೂ ನನ್ನ ತಳಿಯ ಕಾಯಿಗಳನ್ನೇ ಸುಲಿಯುತ್ತ ಕುಳಿತೆ.