ಲ್ಯಾಕ್ಟೋಮೀಟರ್ ಮಾವನ ಗಟ್ಟಿ ಅಂಗಳ

ನನ್ನ ಸೋದರಮಾವ ಶಾಂತಿಗ್ರಾಮದ ಹತ್ತಿರದ ನಮ್ಮೂರಿನ ಡೈರಿಯಲ್ಲಿ ಬಹಳ ವರ್ಷ ಹಾಲು ಪರೀಕ್ಷೆ ಮಾಡಿದವರು. ಅವರ ಕೈಯಲ್ಲಿದ್ದ ಲ್ಯಾಕ್ಟೋಮೀಟರ್ ಕಂಡರೆ ಊರಿಗೆ ಊರೇ ನಡುಗುತ್ತಿತ್ತು. ಒಮ್ಮೆ ಸ್ವಂತ ತಂಗಿಯನ್ನೇ, ಅಂದರೆ ನಮ್ಮವ್ವನನ್ನೇ, ಎಲ್ಲರೆದುರು ನಿಲ್ಲಿಸಿ, “ನೀರು ಕುಡಿಯಾಕೆ ನಮ್ಮನೇಲಿ ಬಾವಿ ಐತೆ. ಆಲಿದ್ರೆ ತಕ್ಕೊಂಡ್ ಬಾ” ಎಂದು ವಾಪಸ್ಸು ಕಳಿಸಿದ್ದರು. ಅವ್ವ ಆ ಮಾತನ್ನು ಇವತ್ತಿಗೂ ಮರೆತಿಲ್ಲ.

ಡೈರಿ ಬಿಟ್ಟ ಮೇಲೆ ಮಾವ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟರು. ಮಂಡಿಯ ಮುಂದಿನ ಅಂಗಳ ಬರೀ ಮಣ್ಣು. ಒಂದು ಮಳೆಗಾಲದಲ್ಲಿ ಲೋಡು ಲಾರಿಯ ಚಕ್ರ ಹೂತು, ಗಾಡಿ ವಾಲಿ, ಪಕ್ಕದಲ್ಲಿದ್ದ ಹಮಾಲನ ಕಾಲು ಮುರಿಯಿತು. ಮಾವನಿಗೆ ಅದು ನಿಜವಾಗಿಯೂ ನಾಟಿತು. “ಇನ್ನೊಬ್ಬನ ಕಾಲು ಓಗಬಾರ್ದು. ಗಟ್ಟಿ ಅಂದ್ರೆ ಗಟ್ಟಿ ಕಾಂಕ್ರೀಟು ಆಕ್ಸು” ಎಂದು ನನ್ನನ್ನು ಹಾಸನದಿಂದ ಕರೆಸಿದರು. ನಾನು ರಸ್ತೆ, ಸೇತುವೆ ಕೆಲಸಗಳಲ್ಲಿ ಸವೆದ ಸಿವಿಲ್ ಎಂಜಿನಿಯರ್.

ಕೆಲಸಕ್ಕೆ ಬಂದ ಮೇಸ್ತ್ರಿ, ಮನೆ ತಾರಸಿಯ ಮೋಲ್ಡಿಗೆ ಹಾಕುವ ಮಾಲನ್ನೇ ಅಲ್ಲೇ ಕಲಸುತ್ತೇನೆಂದ. ಅವನ ಅಳತೆ ಬಾಂಡ್ಲಿ, ಅವನ ವಿಜ್ಞಾನ ಅಂದಾಜು. ಲೋಡು ಲಾರಿ ನಿಂತಲ್ಲೇ ಚಕ್ರ ತಿರುಗಿಸುವ ಜಾಗಕ್ಕೆ ಎಂ ಫಾರ್ಟಿ ಎಂಬ ಗಟ್ಟಿ ದರ್ಜೆಯ ಕಾಂಕ್ರೀಟೇ ಬೇಕು, ಕಾಂಕ್ರೀಟ್ ಪ್ಲಾಂಟಿನಲ್ಲಿ ತೂಕ ಮಾಡಿ ಕಲಸಿದ್ದೇ ಬೇಕು ಎಂದು ನಾನು ಹಟ ಹಿಡಿದೆ. ಹಾಸನದ ಕಡೆಯ ಪ್ಲಾಂಟೊಂದಕ್ಕೆ ಹೋಗಿ, ದಾರಿಯ ಹೊತ್ತು ಲೆಕ್ಕ ಹಾಕಿಸಿ, ಬೇಗ ಬಿಗಿಯದಂತೆ ಕೆಮಿಕಲ್ ಹಾಕಿಸಿದೆ. ಅಲ್ಲಿಯವರು ಹೇಳಿದ್ದು ಒಂದೇ ಮಾತು: ಗಟ್ಟಿ ಅನ್ನಿಸಿದರೆ ಗಾಡಿ ಜೊತೆ ಬರುವ ನಮ್ಮವನಿಗೆ ಹೇಳಿ, ಕೆಮಿಕಲ್ ಹಾಕಿ ಸಡಿಲ ಮಾಡುತ್ತಾನೆ, ನೀರು ಮಾತ್ರ ಬೇಡ, ಕಾಂಕ್ರೀಟಿನ ಬಲ ಹೋಗುತ್ತದೆ. ಮಾವ ಬಸ್‌ಸ್ಟ್ಯಾಂಡಿನವರೆಗೂ “ಎಂ ಫಾರ್ಟಿ” ಎಂದು ಸಾರಿಕೊಂಡು ಬಂದರು.

ಕಾಂಕ್ರೀಟಿನ ಗಾಡಿ ಬಂತು. ಮೊದಲ ಮಾಲಿನಲ್ಲೇ ಬಲದ ಪರೀಕ್ಷೆಗೆಂದು ಚೌಕದ ಅಚ್ಚುಗಳಲ್ಲಿ ಕ್ಯೂಬ್ ತುಂಬಿಸಿದೆ. ಅಷ್ಟರಲ್ಲಿ ಮೇಸ್ತ್ರಿ ಸಲಿಕೆ ಊರಿ ನಿಂತ.

“ಇದೇನ್ ಸಾ, ಇಷ್ಟು ಗಟ್ಟಿ? ಎಳೆಯಾಕೇ ಆಗಕ್ಕಿಲ್ಲ. ಒಸಿ ನೀರು ಬಿಡ್ಸಿ.”

ಗಟ್ಟಿ ಬೇಕೆಂದು ತರಿಸಿದ್ದು, ಗಟ್ಟಿ ಇದೆಯೆಂದು ದೂರು. ಒಂದೇ ಪದ ಸಾಕು, ನಮ್ಮವರ ಬುದ್ಧಿ ಬಯಲಾಗಲು.

ನಾನು ಕೆಮಿಕಲ್ ಎನ್ನುವುದರೊಳಗೆ ಮಾವನೇ ಪಂಚೆ ಎತ್ತಿ ಕಟ್ಟಿ ಪೈಪು ಹಿಡಿದಿದ್ದರು. “ಬೇಡ ಮಾವ” ಎಂದೆ.

“ಲೇ, ಒಸಿ ನೀರು ಕುಡುದ್ರೆ ಕಾಂಕ್ರೀಟು ಸಾಯಕ್ಕಿಲ್ಲ ಕಣ್ಲಾ.”

ಇಡೀ ಊರಿನ ಹಾಲಿನಲ್ಲಿ ನೀರು ಹುಡುಕಿದ ಮನುಷ್ಯ! ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಾನಿಗೆ ಬಿದ್ದಿತ್ತು. ನೀರು ಸೇರಿಸಿದ್ದು ಗಿರಾಕಿಯ ಜವಾಬ್ದಾರಿ ಎಂದು ಡ್ರೈವರ್ ಚೀಟಿ ಚಾಚಿದ. ಮಾವ ನಗುತ್ತಲೇ ಸಹಿ ಹಾಕಿದರು. ಮಾಲು ಅಂಬಲಿಯಂತೆ ಹರಿಯಿತು, ಮೇಸ್ತ್ರಿಗೆ ಸುಖವಾಯಿತು. ನಾನು? ಗಾಡಿ ವಾಪಸ್ಸು ಕಳಿಸಬೇಕಾಗಿತ್ತು. ಮಾವನಿಗೆ ಎದುರಾಡಬಾರದೆಂದು ಕೈಕಟ್ಟಿ ನಿಂತೆ, ಮಧ್ಯಾಹ್ನ ಅವರ ಮನೆಯಲ್ಲಿ ಮುದ್ದೆಯೂ ಉಂಡೆ.

ನೀರಿಗೆ ಮುಂಚೆ ತುಂಬಿದ ಕ್ಯೂಬುಗಳು ಪರೀಕ್ಷೆಯಲ್ಲಿ ಭರ್ಜರಿಯಾಗಿ ಪಾಸಾದವು. ಮಾವ ಆ ವರದಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದರು. ಅದಕ್ಕೂ ದಿನಾ ಊದುಬತ್ತಿ.

ಅಂಗಳ ಮಾತ್ರ ವರದಿ ಓದಿರಲಿಲ್ಲ. ಮೊದಲು ಗುಡಿಸಿದಷ್ಟೂ ಧೂಳೆದ್ದಿತು. ಆಮೇಲೆ ಲಾರಿ ತಿರುಗುವಲ್ಲೆಲ್ಲ ಸಿಪ್ಪೆ ಕಿತ್ತುಬಂತು, ಮುಂದಿನ ಮಳೆಗೆ ಗುಂಡಿ ಬಿತ್ತು. ಮಾವ ಪ್ಲಾಂಟಿನವರನ್ನು ಬಯ್ದರು, ಮೇಸ್ತ್ರಿ ಸಿಮೆಂಟನ್ನು ಬಯ್ದ.

ಹೋದ ತಿಂಗಳು ಹೋದಾಗ ಲೋಡು ಲಾರಿಯೊಂದು ಅದೇ ಗುಂಡಿಯಲ್ಲಿ ವಾಲಿ ನಿಂತಿತ್ತು. ಕಾಲು ಮುರಿದಿದ್ದ ಹಮಾಲನೇ ಕುಂಟುತ್ತಾ ಬಂದು, ಪರೀಕ್ಷೆಗೆ ಕಳಿಸದೆ ಉಳಿದಿದ್ದ ಒಂದು ಕ್ಯೂಬನ್ನು ಚಕ್ರಕ್ಕೆ ಅಡ್ಡ ಕೊಟ್ಟ. ಅದರ ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಕಾಂಕ್ರೀಟು ಹಾಕಿದ ದಿನ ಅವನು ಹಾಸಿಗೆಯಲ್ಲಿದ್ದ, ಏನೂ ಕಂಡವನಲ್ಲ.

“ಈ ಕಲ್ಲು ಬಲೇ ಗಟ್ಟಿ ಐತೆ ಸಾ,” ಎಂದ. “ಅಂಗಳಕ್ಕೂ ಇದ್ನೇ ಆಕ್ಸ್‌ಬೌದಿತ್ತಲ್ವಾ?”