ಕಲ್ಲೇಶ ಕತ್ತರಿಸಿದ ಮಳೆ

ಗಿಡ್ಡಮ್ಮನಿಗೆ ಕಾಫಿ ತೋಟದವರು ಕೊಡಬೇಕಾದ ಗ್ರಾಚ್ಯುಟಿ ಇನ್ನೂ ಬಾಕಿ ಇದೆ. ಇಪ್ಪತ್ತೊಂದು ವರ್ಷದ ದುಡಿಮೆಯದು. ಸಂಸೆ ಕಡೆಯ ಆ ತೋಟದ ಮಾಲೀಕರು, ಆಕೆ ನಮ್ಮಲ್ಲಿ ದುಡಿದದ್ದು ನಾಲ್ಕೇ ವರ್ಷ ಅನ್ನುತ್ತಾರೆ. ಐದು ತುಂಬಿದರೆ ಕೊಡಬೇಕಾಗುತ್ತದಲ್ಲ, ಅದಕ್ಕೇ ನಾಲ್ಕು. ಹಾಜರಿ ಪುಸ್ತಕ ತನ್ನಿ ಅಂದರೆ ಗೆದ್ದಲು ತಿಂದಿದೆಯಂತೆ.

ಇದು ಸುಳ್ಳೆಂದು ತೋರಿಸಬಲ್ಲವನು ಒಬ್ಬನೇ ಅಂದುಕೊಂಡಿದ್ದೆವು: ಕಲ್ಲೇಶ. ಅದೇ ತೋಟದಲ್ಲಿ ಹದಿನೆಂಟು ವರ್ಷ ರೈಟರ್ ಆಗಿದ್ದವನು. ಯಾರು ಬಂದರು, ಯಾವ ಕೆಲಸಕ್ಕೆ ಹೋದರು ಎಂದು ತೋಟದ ಪುಸ್ತಕಕ್ಕೆ ಬರೆದ ಮೇಲೆ ದಿನಾ ತನ್ನ ಸ್ವಂತ ಡೈರಿಗೂ ಇಳಿಸಿಕೊಳ್ಳುತ್ತಿದ್ದ. ಯಾರೂ ಹೇಳಿರಲಿಲ್ಲ. ಧಣಿಗಳ ಪುಸ್ತಕವನ್ನು ನಂಬದ ಮನುಷ್ಯ.

ಕೆಲಸ ಬಿಟ್ಟು ಕಳಸದಲ್ಲಿ ಜನರಿಗೆ ಅರ್ಜಿ ಬರೆದುಕೊಡಲು ಕೂತ. ಯಾವ ಅರ್ಜಿಗೆ ಯಾವ ಕಾಗದ, ಯಾವ ಟೇಬಲ್ಲಿನಲ್ಲಿ ಯಾರ ಸಹಿ, ಎಲ್ಲ ತಲೆಯಲ್ಲಿತ್ತು. ಉಳಿದದ್ದು ಅಂಗಿಜೇಬಿನ ಚೀಟಿಗಳಲ್ಲಿ. ಆಮೇಲೆ ಯಾವುದೋ ವಿಡಿಯೊ ನೋಡಿದ. ತಿಳಿದದ್ದನ್ನೆಲ್ಲ ಮೊಬೈಲಿಗೆ ತುಂಬಿ, ವಿಷಯವಾರು ಜೋಡಿಸಿಟ್ಟರೆ ಮನುಷ್ಯ ಏನನ್ನೂ ಕಳೆದುಕೊಳ್ಳುವುದಿಲ್ಲವಂತೆ. ಒಂದು ಮಳೆಗಾಲ ಪೂರ್ತಿ ಇವನು ಅದನ್ನೇ ಮಾಡಿದ. ಅರ್ಜಿಗೆ ಬಂದವರು ಜಗಲಿಯಲ್ಲಿ ಕಾದು ಕಾದು ಎದ್ದು ಹೋದರು.

"ತನ್ನ ಕನ್ನಡಕ ಎಲ್ಲಿಟ್ಟೆ ಅಂತ ನನ್ನ ಕೇಳ್ತಾರೆ, ಮೊಬೈಲಲ್ಲಿ ಊರನ್ನೇ ಜೋಡ್ಸಿಡ್ತಾರಂತೆ," ಎಂದು ಹೆಂಡತಿ ಭುವನಾ ನಮ್ಮ ತೋಟ ಕಾರ್ಮಿಕರ ಸಂಘದವರೆದುರೇ ಬೈದಳು.

ಹದಿನೆಂಟು ಡೈರಿಗಳ ಪುಟಪುಟವನ್ನೂ ಫೋಟೊ ಹೊಡೆದು, ಡೈರಿಗಳನ್ನು ಗುಜರಿಗೆ ಹಾಕಿದ. ನಮ್ಮನ್ನು ಒಂದು ಮಾತು ಕೇಳಲಿಲ್ಲ.

ಚಿಕ್ಕಮಗಳೂರಿನ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆಯ ದಿನ ಕಲ್ಲೇಶ ಬೆರಳೊತ್ತಿದ ಕೂಡಲೇ ಗಿಡ್ಡಮ್ಮನ ಹೆಸರಿನ ಪುಟಗಳು ಸಾಲಾಗಿ ಬಂದವು. ಸಾವಿರಗಟ್ಟಲೆ. ನಾವು ಗೆದ್ದೆವು ಅಂದುಕೊಂಡೆವು. ಅಧಿಕಾರಿ ಹೆಣ್ಣುಮಗಳು ಹತ್ತು ಪುಟ ಸರಿಸಿ ನೋಡಿ, "ತಾರೀಕು ಎಲ್ಲಿ?" ಎಂದರು.

ಒಂದರಲ್ಲೂ ಇರಲಿಲ್ಲ.

ಇಲ್ಲಿ ಮಳೆ ಅಳೆಯದೆ ತೋಟದ ದಿನ ಶುರುವಾಗುವುದಿಲ್ಲ. ಹಾಗಾಗಿ ರೈಟರುಗಳು ಪುಟದ ನೆತ್ತಿಯಲ್ಲಿ ಮೊದಲು ಬರೆಯುವುದು ಮಳೆ, ಇಷ್ಟು ಇಂಚು, ಮೇಲೆ ಇಷ್ಟು ಸೆಂಟು. ಅದರ ಪಕ್ಕಕ್ಕೇ ತಾರೀಕು. ಕೂಲಿಯವರ ಕಾಗದಕ್ಕೆ ಮಳೆಯ ಲೆಕ್ಕ ಯಾಕೆ ಎಂದು ಕಲ್ಲೇಶ ಪ್ರತಿ ಫೋಟೊದ ನೆತ್ತಿ ಕತ್ತರಿಸಿದ್ದ. ಮಳೆಯ ಜೊತೆ ತಾರೀಕೂ ಹೋಗಿತ್ತು. ಮೊಬೈಲಿನಲ್ಲಿ ಜಾಗ ಸಾಲದೆಂದು ಮೊದಲಿನ ಫೋಟೊಗಳನ್ನೂ ಅಳಿಸಿದ್ದ. ಹೆಸರುವಾರು ಜೋಡಿಸಿದ್ದರಿಂದ ಪುಟಗಳ ಹಿಂದುಮುಂದೂ ಗೊತ್ತಾಗುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಗಿಡ್ಡಮ್ಮ, "ಅಲ್ಲ ರೈಟ್ರೇ, ತಲೆ ಕಡ್ದು ಮುಂಡ ಇಟ್ಕಂಡಿದೀರಲ ಮಾರಾಯ್ರೆ!" ಎಂದಳು.

"ಚೆಂದ ಕಾಣ್ಲಿ ಅಂತ..."

"ಚೆಂದ ಕಾಣಕ್ಕೆ ಇದೇನು ಮದ್ವೆ ಫೋಟೊನಾ? ಓದಿ ಒಂದೊಂದೇ, ಕೇಳನ."

ಆಕೆಗೆ ಓದು ಬರದು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕಲ್ಲೇಶ ಓದಿದ: "ಹಣ್ಣು ಕುಯ್ಲಿಗೆ ಗಿಡ್ಡಮ್ಮ, ಮುದ್ದಮ್ಮ. ಕಣಕ್ಕೆ ಲಕ್ಕಯ್ಯ."

"ಲಕ್ಕಯ್ಯ ಕಣದಲ್ಲಿ ಕಾಫಿ ಒಣಗ್ಸಿದ್ದು ಒಂದೇ ವರ್ಷ. ಮರದಿಂದ ಬಿದ್ದು ಕಾಲು ಮುರ್ಕಂಡಿದ್ದ. ಅದೇ ವರ್ಷ ನನ್ನ ಮಗಳು ಎಸ್ಸೆಸ್ಸೆಲ್ಸಿಗೆ ಕಟ್ಟಿದ್ಲು. ಎರಡ್ ಸಾವಿರದ ಒಂಬತ್ತು ಹಾಕಿ."

ಕಳಸದ ಬಸ್ಸು ಬರುವಷ್ಟರಲ್ಲಿ ನಲವತ್ತು ಪುಟಕ್ಕೆ ವರ್ಷ ಸಿಕ್ಕಿತು. ಕಲ್ಲೇಶ ಅವನ್ನು ಕಾಗದದ ಮೇಲೆ, ಪೆನ್ನಿನಲ್ಲಿ ಬರೆದುಕೊಂಡ.

ಆ ಪಟ್ಟಿ ಒಯ್ದು ಕೊಟ್ಟೆವು. "ಇದು ನೆನಪು, ದಾಖಲೆಯಲ್ಲ. ಇನ್ನೊಬ್ಬರ ಕೈಬರಹದ ಜೊತೆ ತಾಳೆಯಾದರೆ ನೋಡುತ್ತೇನೆ," ಎಂದು ಅಧಿಕಾರಿ ವಿಚಾರಣೆಯನ್ನು ಮುಂದಿನ ತಿಂಗಳ ಹದಿನೆಂಟಕ್ಕೆ ಹಾಕಿದರು. ಅದೇ ಕೊನೆಯ ಅವಕಾಶ.

ಆ ತೋಟದಲ್ಲಿ ಮೇಸ್ತ್ರಿಯಾಗಿದ್ದವರು, ಅದರೊಡನೆ ಆಳು ಬದಲಾಯಿಸಿಕೊಂಡ ಅಕ್ಕಪಕ್ಕದ ತೋಟಗಳ ರೈಟರುಗಳು ಇದನ್ನು ಓದುತ್ತಿದ್ದೀರಿ. ನಿಮ್ಮ ಹತ್ತಿರವೂ ಡೈರಿಗಳಿವೆ, ನಮಗೆ ಗೊತ್ತು. ಧಣಿಗಳು ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದೀರಿ ಅನ್ನುವುದೂ ಗೊತ್ತು. ಇವತ್ತೇ ಅವನ್ನು ಹುಡುಕಿ ತೆಗೆಯಿರಿ. ಗಿಡ್ಡಮ್ಮನ ಹೆಸರಿರುವ ಪುಟಕ್ಕೆ ಗುರುತಿಡಿ. ನಮಗೆ ಫೋಟೊ ಬೇಡ. ಡೈರಿಯನ್ನೇ ಕೈಯಲ್ಲಿ ಹಿಡಿದು ಹದಿನೆಂಟರ ಬೆಳಿಗ್ಗೆ ಹತ್ತಕ್ಕೆ ಕಾರ್ಮಿಕ ಕಚೇರಿಗೆ ಬನ್ನಿ. ಬರುತ್ತೀರೋ ಇಲ್ಲವೋ, ಈಗಲೇ ಹೇಳಿ.